ಹುಬ್ಬಳ್ಳಿಯೋ ಮುಂಬೈಯೋ: ಎರಡು ಒಲೆಗಳ ಲೆಕ್ಕ

ಮುಂಬೈಯಿಂದ ಕೆಲಸದ ಕರೆ ಬಂತೆಂದರೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಅಂದು ರಾತ್ರಿ ಊಟದ ಹೊತ್ತಿಗೇ ಒಂದು ಲೆಕ್ಕ ಶುರುವಾಗುತ್ತದೆ: ಅಲ್ಲಿ ಪಗಾರ ಎಷ್ಟು, ಬಾಡಿಗೆ ಎಷ್ಟು, ಕೈಯಲ್ಲಿ ಉಳಿಯುವುದೆಷ್ಟು. ಲೆಕ್ಕ ತಪ್ಪಲ್ಲ, ಆದರೆ ಅದರಲ್ಲಿ ಒಂದು ಸಾಲು ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ. ನಮ್ಮ ಕಡೆಯ ಸಂಸಾರ ಮುಂಬೈಗೆ ಹೋದಾಗ ಊರಿನ ಮನೆಗೆ ಬೀಗ ಬೀಳುವುದಿಲ್ಲ. ತಂದೆತಾಯಿ ಅಲ್ಲೇ ಇರುತ್ತಾರೆ, ಹೊಲವಿದ್ದರೆ ಅದರ ಬೀಜ ಗೊಬ್ಬರಕ್ಕೆ ಹಣ ಕಳಿಸಬೇಕಾಗುತ್ತದೆ, ನಾಗರ ಪಂಚಮಿಗೂ ದೀಪಾವಳಿಗೂ ಬರದೆ ಇದ್ದರೆ ಓಣಿಯವರೆಲ್ಲ ಕೇಳುತ್ತಾರೆ. ಹೋದವರು ಇಲ್ಲಿಯ ಒಲೆಯನ್ನು ಆರಿಸಿ ಅಲ್ಲಿಯದನ್ನು ಹಚ್ಚುವುದಿಲ್ಲ, ಎರಡನ್ನೂ ಒಟ್ಟಿಗೆ ಉರಿಸುತ್ತಾರೆ. ಆದ್ದರಿಂದ ಕರಾವಳಿಯ ದುಬಾರಿ ನಗರವನ್ನು ನಮ್ಮ ಊರಿನೊಡನೆ ಹೋಲಿಸುವಾಗ ಒಂದು ಮನೆಯ ಖರ್ಚನ್ನು ಇನ್ನೊಂದು ಮನೆಯ ಖರ್ಚಿನೊಡನೆ ಇಟ್ಟು ನೋಡಿದರೆ ಸಾಲದು. ಇಲ್ಲಿಯ ಒಂದು ಮನೆಯನ್ನು, ಅಲ್ಲಿಯ ಮನೆ ಮತ್ತು ಇಲ್ಲಿಯ ಮನೆ ಎರಡೂ ಸೇರಿದ ಮೊತ್ತದೊಡನೆ ಇಟ್ಟು ನೋಡಬೇಕು.

ನಾನು ಮುಂಬೈಯಲ್ಲಿ ಏಳು ವರ್ಷ ಇದ್ದು, ಮೊದಲ ಎರಡು ವರ್ಷ ಅಂಧೇರಿಯಲ್ಲಿ, ಉಳಿದ ಐದು ವರ್ಷ ಡೊಂಬಿವಲಿಯಲ್ಲಿ ಕಳೆದು ಹುಬ್ಬಳ್ಳಿಗೆ ಮರಳಿದವನು. ಆದ್ದರಿಂದ ಈ ಬರಹದಲ್ಲಿ ಮುಂಬೈಗೆ ಹೆಚ್ಚು ಜಾಗ ಸಿಕ್ಕಿದೆ. ಮಂಗಳೂರು ಮತ್ತು ಪಣಜಿಯ ಬಗ್ಗೆ ಕೊನೆಗೆ ಬರುತ್ತೇನೆ. ಮುಂಬೈಗೂ ನಮಗೂ ಇರುವ ನಂಟು ಹಳೆಯದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಧಾರವಾಡ ಜಿಲ್ಲೆ ಮುಂಬೈ ರಾಜ್ಯದಲ್ಲೇ ಇತ್ತು, ಗದಗ ಮತ್ತು ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯೊಳಗೇ ಇದ್ದವು, ‘ಮುಂಬೈ ಕರ್ನಾಟಕ’ ಎಂಬ ಹೆಸರು ಕಿತ್ತೂರು ಕರ್ನಾಟಕವಾದದ್ದು 2021ರಲ್ಲಿ. ಅಜ್ಜಂದಿರ ಕಾಲದಲ್ಲಿ ಮುಂಬೈಗೆ ಹೋಗುವುದೆಂದರೆ ದೊಡ್ಡ ಊರಿಗೆ ಹೋಗುವುದಾಗಿತ್ತೇ ಹೊರತು ಪರರಾಜ್ಯಕ್ಕೆ ಹೋಗುವುದಾಗಿರಲಿಲ್ಲ. ಇಂದು ರಾಜ್ಯದ ಗಡಿ ದಾಟುವುದರಿಂದಲೇ ಹುಟ್ಟುವ ಖರ್ಚುಗಳಿವೆ, ಅವುಗಳನ್ನೂ ಎಣಿಸಬೇಕು.

ಹಣ ಮತ್ತು ಹೊತ್ತು

ಒಂದು ಉದಾಹರಣೆಯ ಲೆಕ್ಕ ಹಾಕೋಣ. ಅಂಕಿಗಳನ್ನು ಓದುಗರು ತಮ್ಮ ಪರಿಸ್ಥಿತಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು. ಹುಬ್ಬಳ್ಳಿಯಲ್ಲಿ ಸ್ವಂತ ಮನೆಯಲ್ಲಿ ತಂದೆತಾಯಿಯೊಡನೆ ಇರುವ ಒಬ್ಬರ ಕೈಗೆ ತಿಂಗಳಿಗೆ 55,000 ರೂಪಾಯಿ ಬರುತ್ತದೆ ಎಂದಿಟ್ಟುಕೊಳ್ಳಿ. ಮನೆಖರ್ಚಿಗೆ 25,000, ಮಗುವಿನ ಶಾಲೆಗೆ 5,000, ಗಾಡಿ ಪೆಟ್ರೋಲಿಗೆ 4,000 ಹೋದರೆ 21,000 ಉಳಿಯುತ್ತದೆ. ಅವರಿಗೆ ಮುಂಬೈಯಲ್ಲಿ ಕೈಗೆ ಒಂದು ಲಕ್ಷ ಬರುವ ಕೆಲಸ ಸಿಕ್ಕಿತು. ಕಚೇರಿಗೆ ಹತ್ತಿರದ ಉಪನಗರದಲ್ಲಿ ಒಂದು ಬೆಡ್‌ರೂಮಿನ ಮನೆಗೆ 40,000, ಮನೆಖರ್ಚಿಗೆ 28,000, ಶಾಲೆಗೆ 10,000, ಓಡಾಟಕ್ಕೆ 3,000, ವರ್ಷಕ್ಕೆ ನಾಲ್ಕೈದು ಸಲ ಸಂಸಾರಸಮೇತ ಊರಿಗೆ ಬಂದು ಹೋಗುವುದನ್ನು ತಿಂಗಳಿಗೆ ಹಂಚಿದರೆ 5,000, ಊರಿನ ಮನೆಗೆ ಕಳಿಸುವುದು 10,000. ಒಟ್ಟು 96,000. ಉಳಿಯುವುದು ನಾಲ್ಕು ಸಾವಿರ. ಪಗಾರ ಹೆಚ್ಚುಕಡಿಮೆ ದುಪ್ಪಟ್ಟಾಗಿ ಉಳಿತಾಯ ಐದರಲ್ಲೊಂದು ಭಾಗಕ್ಕೆ ಇಳಿದಿರುತ್ತದೆ.

ಇದನ್ನು ಕಂಡ ಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ದೂರ ಹೋದೆ. ಡೊಂಬಿವಲಿ, ಕಲ್ಯಾಣ, ಬದಲಾಪುರ, ಪನವೇಲ್, ವಸಯಿ, ವಿರಾರ್‌ಗಳ ಕಡೆ ಬಾಡಿಗೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಮೇಲಿನ ಲೆಕ್ಕದಲ್ಲಿ 40,000ದ ಬದಲು 18,000 ಹಾಕಿದರೆ ತಿಂಗಳಿಗೆ 26,000 ಉಳಿಯುತ್ತದೆ, ಅಂದರೆ ಹುಬ್ಬಳ್ಳಿಗಿಂತ ಐದು ಸಾವಿರ ಹೆಚ್ಚು. ಆದರೆ ಡೊಂಬಿವಲಿಯಿಂದ ದಕ್ಷಿಣ ಮುಂಬೈಯ ಕೊನೆಯ ನಿಲ್ದಾಣ ಸಿಎಸ್‌ಎಂಟಿಗೆ 48 ಕಿಲೋಮೀಟರು. ಫಾಸ್ಟ್ ಲೋಕಲ್ ಹಿಡಿದರೂ ಒಂದು ಗಂಟೆಯ ಮಾತು. ಮನೆಯಿಂದ ಸ್ಟೇಷನ್ನಿಗೆ ಶೇರ್ ರಿಕ್ಷಾ, ಹತ್ತಲಾಗದೆ ಬಿಟ್ಟ ಒಂದೆರಡು ಗಾಡಿ, ಇಳಿದ ಮೇಲಿನ ನಡಿಗೆ ಸೇರಿ ನನಗೆ ಒಂದು ಕಡೆಗೆ ಒಂದೂಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ದಿನಕ್ಕೆ ಮೂರೂವರೆ ಗಂಟೆಯಂತೆ ತಿಂಗಳ 24 ದಿನಕ್ಕೆ 84 ಗಂಟೆ. ವರ್ಷಕ್ಕೆ 42 ಪೂರ್ಣ ದಿನ, ಹಗಲು ರಾತ್ರಿ ಸೇರಿಸಿ. ಹುಬ್ಬಳ್ಳಿಯಲ್ಲಿ ಹೋಗಿ ಬರಲು ಒಟ್ಟು ಒಂದು ಗಂಟೆ ಎಂದು ಹಿಡಿದರೆ ವರ್ಷಕ್ಕೆ ಹನ್ನೆರಡು ದಿನ. ವ್ಯತ್ಯಾಸ ಒಂದು ತಿಂಗಳು. ತಿಂಗಳಿಗೆ 60 ಗಂಟೆ ಹೆಚ್ಚು ಕೊಟ್ಟು ಐದು ಸಾವಿರ ಹೆಚ್ಚು ಉಳಿಸಿದಂತಾಯಿತು. ಗಂಟೆಗೆ ಸುಮಾರು 83 ರೂಪಾಯಿ. ಈ ದರಕ್ಕೆ ತಮ್ಮ ಹೊತ್ತನ್ನು ಮಾರಲು ಮನಸ್ಸಿದೆಯೇ ಎಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಬೇಕು. ಹುಬ್ಬಳ್ಳಿ ಧಾರವಾಡಗಳ ನಡುವೆ ದಿನವೂ ಇಪ್ಪತ್ತು ಕಿಲೋಮೀಟರು ಚಿಗರಿ ಬಸ್ಸಿನಲ್ಲಿ ಓಡಾಡುವವರು ತಮ್ಮದೇ ದೊಡ್ಡ ಪ್ರಯಾಣವೆಂದು ಗೊಣಗುವುದನ್ನು ಕೇಳಿದಾಗ ನನಗೆ ಈಗ ನಗು ಬರುತ್ತದೆ.

ಲೋಕಲ್ ಗಾಡಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಎರಡನೇ ದರ್ಜೆಯ ತಿಂಗಳ ಪಾಸಿಗೆ ಕೆಲವೇ ನೂರು ರೂಪಾಯಿ ಸಾಕು. ದೇಶದ ಅತ್ಯಂತ ದುಬಾರಿ ನಗರದಲ್ಲಿ ಇಷ್ಟು ಅಗ್ಗವಾದ ಇನ್ನೊಂದು ವಸ್ತುವನ್ನು ನಾನು ಕಂಡಿಲ್ಲ. ಸ್ವಂತ ಗಾಡಿ ಇಲ್ಲದೆ ವರ್ಷಗಟ್ಟಲೆ ಬದುಕಲು ಅಲ್ಲಿ ಸಾಧ್ಯವಿದೆ, ಇಲ್ಲಿ ಕಷ್ಟ.

ಮೇಲಿನ ಲೆಕ್ಕವನ್ನು ತಲೆಕೆಳಗು ಮಾಡುವ ಒಂದೇ ಒಂದು ಸಂಗತಿಯೆಂದರೆ ಮನೆಯ ಇನ್ನೊಬ್ಬರೂ ದುಡಿಯುವುದು. ನನ್ನ ಹೆಂಡತಿ ಬಿ.ಕಾಂ. ಮುಗಿಸಿದವಳು, ಹುಬ್ಬಳ್ಳಿಯಲ್ಲಿ ಎರಡು ವರ್ಷ ಹುಡುಕಿದರೂ ಪಗಾರ ಎನ್ನಬಹುದಾದ ಕೆಲಸ ಸಿಗಲಿಲ್ಲ. ಮುಂಬೈಯಲ್ಲಿ ಮೂರು ತಿಂಗಳೊಳಗೆ ಲೆಕ್ಕಪತ್ರದ ಕೆಲಸ ಸಿಕ್ಕಿತು. ರಾತ್ರಿ ಒಂಬತ್ತೂವರೆಗೆ ಹೆಂಗಸರ ಡಬ್ಬಿಯಲ್ಲಿ ಒಬ್ಬಳೇ ಬರುವಾಗ ಅವಳಿಗೂ ಭಯವಿರಲಿಲ್ಲ, ನನಗೂ ಇರಲಿಲ್ಲ. ಅದೇ ಗಾಡಿಯಲ್ಲಿ ಕುಳಿತು ಸಂಜೆಯ ಪಲ್ಯಕ್ಕೆ ಅವರೆಕಾಯಿ ಬಿಡಿಸುವ ಗೆಳತಿಯರ ಗುಂಪು ಅವಳಿಗೆ ಸಿಕ್ಕಿತ್ತು. ಮರಳಿ ಬಂದಾಗ ನಾನು ಕೆಲಸ ಬದಲಿಸಿದೆ, ಅವಳು ಕೆಲಸ ಕಳೆದುಕೊಂಡಳು. ಆದ್ದರಿಂದ ಮರಳಿ ಬಂದದ್ದು ಸರಿಯೇ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಇಂದಿಗೂ ಎರಡು ಉತ್ತರಗಳಿವೆ, ನೀವು ಓದುತ್ತಿರುವುದು ಅವುಗಳಲ್ಲಿ ಒಂದನ್ನು ಮಾತ್ರ.

ಪಗಾರದ ಇಂದಿನ ಅಂಕಿಗಿಂತ ಐದು ವರ್ಷದ ನಂತರ ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದು ಮುಖ್ಯ, ಮತ್ತು ಅದು ಕಸುಬಿನ ಮೇಲೆ ನಿಂತಿದೆ. ರಿಸರ್ವ್ ಬ್ಯಾಂಕು, ಷೇರು ವ್ಯವಹಾರದ ಮೇಲೆ ಕಣ್ಣಿಡುವ ಸೆಬಿ, ಎರಡು ದೊಡ್ಡ ಷೇರುಪೇಟೆಗಳು, ವಿಮಾ ಕಂಪನಿಗಳ ಮುಖ್ಯ ಕಚೇರಿಗಳು, ಹಡಗು ವ್ಯವಹಾರ, ಸಿನಿಮಾ ಮತ್ತು ಜಾಹೀರಾತು ಇವೆಲ್ಲ ಮುಂಬೈಯಲ್ಲಿವೆ. ಈ ಕಸುಬಿನವರಿಗೆ ಹುಬ್ಬಳ್ಳಿಯಲ್ಲಿ ಮೇಲೇರುವ ಮೆಟ್ಟಿಲೇ ಇಲ್ಲ, ಅವರು ಹೋಗುವುದೇ ಸರಿ. ವಕೀಲರ ವಿಷಯ ಬೇರೆ: ಧಾರವಾಡದಲ್ಲಿ ಹೈಕೋರ್ಟಿನ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಮೇಲೆ ಇಲ್ಲಿಯೇ ಹೆಸರು ಮಾಡಬಹುದು. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ, ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶ, 2016ರಲ್ಲಿ ಶುರುವಾದ ಐಐಟಿ, ವಿಶ್ವವಿದ್ಯಾಲಯಗಳು, ಆಸ್ಪತ್ರೆಗಳು ಇರುವ ಊರಿನಲ್ಲಿ ಎಂಜಿನಿಯರು, ಉಪನ್ಯಾಸಕ, ವೈದ್ಯರಿಗೆ ಕೆಲಸದ ಬರಗಾಲವೇನೂ ಇಲ್ಲ. ಇಲ್ಲಿ ಮಾಡುತ್ತಿರುವ ಕೆಲಸವನ್ನೇ ಅಲ್ಲಿ ಒಂದೂವರೆಪಟ್ಟು ಪಗಾರಕ್ಕೆ ಮಾಡಲು ಹೋಗುವವರನ್ನು ಮಾತ್ರ ನಾನು ತಡೆಯುತ್ತೇನೆ.

ಮನೆ ಹಿಡಿಯುವುದು

ಹುಬ್ಬಳ್ಳಿಯಲ್ಲಿ ಮನೆ ಹಿಡಿಯುವುದೆಂದರೆ ಕೇಶ್ವಾಪುರದಲ್ಲೋ ವಿದ್ಯಾನಗರದಲ್ಲೋ ‘ಬಾಡಿಗೆಗೆ ಇದೆ’ ಎಂಬ ಫಲಕ ನೋಡಿ ಮಾಲೀಕರೊಡನೆ ಚಹಾ ಕುಡಿದು ಮಾತು ಮುಗಿಸುವುದು. ಮುಂಬೈಯಲ್ಲಿ ಅದು ಕಾಗದಪತ್ರದ ವ್ಯವಹಾರ. ಬಾಡಿಗೆ ಕರಾರಿಗೆ ಅಲ್ಲಿ ‘ಲೀವ್ ಅಂಡ್ ಲೈಸೆನ್ಸ್’ ಎನ್ನುತ್ತಾರೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಅದನ್ನು ನೋಂದಾಯಿಸಲೇಬೇಕು, ನೋಂದಾಯಿಸುವ ಹೊಣೆ ಮಾಲೀಕರದು. ನೋಂದಣಿ ಇಲ್ಲದೆ ತಕರಾರು ಎದ್ದರೆ ಬಾಡಿಗೆದಾರ ಹೇಳುವ ಷರತ್ತುಗಳೇ ನಿಜವೆಂದು ಕಾಯ್ದೆ ಮೊದಲಿಗೆ ಭಾವಿಸುತ್ತದೆ. ಇದು ಬಾಡಿಗೆದಾರನ ಪರವಾದ ಒಳ್ಳೆಯ ನಿಯಮ. ಆದರೆ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದು. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಕೊಡಬೇಕು, ಹಲವು ಕಡೆ ನವೀಕರಣದ ಹೊತ್ತಿಗೆ ಮತ್ತೆ ಕೈ ಚಾಚುತ್ತಾರೆ. ಮೇಲಾಗಿ ಹೌಸಿಂಗ್ ಸೊಸೈಟಿಯ ಒಪ್ಪಿಗೆ, ಪೊಲೀಸ್ ಪರಿಶೀಲನೆ, ಮದುವೆಯಾಗಿದೆಯೇ, ಮಾಂಸ ತಿನ್ನುತ್ತೀರಾ ಎಂಬ ವಿಚಾರಣೆ. ಕೊನೆಯ ಪ್ರಶ್ನೆ ಯಾವ ಕಾಗದದಲ್ಲೂ ಬರೆದಿರುವುದಿಲ್ಲ, ಉತ್ತರದ ಮೇಲೆ ಮನೆ ಸಿಗುವುದು ಬಿಡುವುದು ನಿಂತಿರುತ್ತದೆ.

ಠೇವಣಿಯ ವಿಷಯದಲ್ಲಿ ನನಗೆ ಆದ ಪೆಟ್ಟನ್ನು ಹೇಳಿಬಿಡುತ್ತೇನೆ. ಅಂಧೇರಿಯ ಮನೆ ಬಿಡುವಾಗ ಮಾಲೀಕರು ಮಲಗುವ ಕೋಣೆಯ ಗೋಡೆಗೆ ಬಣ್ಣ ಹೊಡೆಸಬೇಕೆಂದು ಠೇವಣಿಯಲ್ಲಿ 22,000 ಮುರಿದುಕೊಂಡರು. ಆ ಗೋಡೆ ಒದ್ದೆಯಾದದ್ದು ಮೇಲಿನ ಮನೆಯ ಬಚ್ಚಲಿನಿಂದ. ನಾವು ಎರಡು ಮಳೆಗಾಲ ಅದರ ಬಗ್ಗೆ ಬಾಯಿಮಾತಿನಲ್ಲಿ ದೂರಿದ್ದೆವೇ ಹೊರತು ಬರಹದಲ್ಲಿ ಒಂದು ಸಾಲೂ ಕೊಟ್ಟಿರಲಿಲ್ಲ. ಮನೆಯೊಳಗೆ ಕಾಲಿಟ್ಟ ದಿನವೇ ಪ್ರತಿ ಗೋಡೆಯ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ, ತೇವ ಕಂಡ ದಿನವೇ ಬರೆದು ತಿಳಿಸುವುದು ಮುಂಬೈಯಲ್ಲಿ ಹಾಲಿನವನನ್ನು ಹುಡುಕುವುದಕ್ಕಿಂತ ಮೊದಲಿನ ಕೆಲಸ.

ಮನೆಯ ಅಳತೆಯೂ ಒಂದು ಪಾಠ. ನಾವು ಇದ್ದದ್ದು 380 ಚದರಡಿಯ ಮನೆ. ಒಂದು ಮಗ್ಗುಲಿಗೆ ಅಡುಗೆಕಟ್ಟೆ, ಇನ್ನೊಂದು ಮಗ್ಗುಲಿಗೆ ಸೋಫಾ, ನಡುವೆ ಒಬ್ಬರು ನಡೆಯುವಷ್ಟು ಜಾಗ. ಮೊದಲ ಸಲ ಬಂದ ನನ್ನ ತಾಯಿ ಬಾಗಿಲಲ್ಲೇ ನಿಂತು, “ಇದೇನಪಾ, ಮನಿ ಅಂದ್ರ ರೈಲ್ವೆ ಡಬ್ಬಿ ಇದ್ದಂಗ ಐತಲ್ಲ!” ಎಂದರು, ಹದಿನೈದು ದಿನಕ್ಕೆಂದು ಬಂದವರು ಆರನೇ ದಿನಕ್ಕೆ ಊರಿನ ಗಾಡಿ ಹತ್ತಿದರು. ವಯಸ್ಸಾದವರನ್ನು ಕರೆದುಕೊಂಡು ಹೋಗಿ ಅಲ್ಲೇ ಇರಿಸಿಕೊಂಡರೆ ಎರಡು ಒಲೆಗಳ ಖರ್ಚು ಒಂದಾಗುತ್ತದಲ್ಲ ಎಂದು ಲೆಕ್ಕ ಹಾಕುವವರು ಇದನ್ನು ಗಮನಿಸಬೇಕು. ಕಟ್ಟೆಯ ಮೇಲೆ ಕುಳಿತು ಬರಹೋಗುವವರನ್ನು ಮಾತಾಡಿಸಿ ಬೆಳೆದವರಿಗೆ ಒಂಬತ್ತನೇ ಅಂತಸ್ತು ಒಗ್ಗುವುದಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ಹೆಮ್ಮೆಪಡಲು ನಮ್ಮ ಊರಿಗೆ ಕಾರಣವಿಲ್ಲ. ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದಿಂದ ನೀರು ತಂದರೂ ಹುಬ್ಬಳ್ಳಿಯ ಎಷ್ಟೋ ಓಣಿಗಳಲ್ಲಿ ನಲ್ಲಿಗೆ ನೀರು ಬರುವ ದಿನವನ್ನು ಬೆರಳು ಮಡಚಿ ಎಣಿಸುತ್ತಾರೆ. ಏಳು ಕೆರೆಗಳ ನೀರು ಕುಡಿಯುವ ಮುಂಬೈಯಲ್ಲಿ ದಿನವೂ ಗೊತ್ತಾದ ಹೊತ್ತಿಗೆ ನೀರು ಬರುತ್ತಿತ್ತು. ವಿದ್ಯುತ್ತು ಅಲ್ಲಿ ದುಬಾರಿ. ಇಲ್ಲಿ 200 ಯುನಿಟ್ಟಿನೊಳಗಿನವರಿಗೆ ಗೃಹಜ್ಯೋತಿ ಇದೆ, ಹೆಂಗಸರಿಗೆ ಸರ್ಕಾರಿ ಬಸ್ಸು 2023ರ ಜೂನ್‌ನಿಂದ ಉಚಿತವಿದೆ. ಸಣ್ಣವೆಂದು ಕಂಡರೂ ಇವೆಲ್ಲ ರಾಜ್ಯದ ಗಡಿ ದಾಟಿದ ದಿನವೇ ನಿಲ್ಲುವಂಥವು.

ಹವೆ

ಹುಬ್ಬಳ್ಳಿ ಧಾರವಾಡಗಳು ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿವೆ. ಬೇಸಿಗೆಯ ರಾತ್ರಿಯಲ್ಲೂ ಇಲ್ಲಿ ಗಾಳಿ ಆಡುತ್ತದೆ. ಮುಂಬೈಯಲ್ಲಿ ಬಿಸಿಲು ನಮ್ಮಷ್ಟು ಇಲ್ಲದಿದ್ದರೂ ಬೆವರು ಆರುವುದಿಲ್ಲ. ಜುಲೈ ಒಂದೇ ತಿಂಗಳಲ್ಲಿ ಅಲ್ಲಿ ಬೀಳುವ ಸರಾಸರಿ ಮಳೆ ಗದಗಿನಲ್ಲಿ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯೊಳಗೆ 944 ಮಿಲಿಮೀಟರ್ ಸುರಿದದ್ದು ಎಲ್ಲರಿಗೂ ಗೊತ್ತು. ಆದರೆ ಬಾಳುವೆಯನ್ನು ಕೆಡಿಸುವುದು ಅಂಥ ಒಂದು ದಿನವಲ್ಲ, ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಒಣಗದ ಬಟ್ಟೆ.

ಇದನ್ನು ನಾನು ಕಲಿತದ್ದು ರೊಟ್ಟಿಯಿಂದ. ಗದಗಿನ ನನ್ನ ಅತ್ತೆಯವರು ಪ್ರತಿ ಸಲ ಐವತ್ತು ಖಡಕ್ ಜೋಳದ ರೊಟ್ಟಿಯನ್ನು ಬಿಳಿಯ ಅರಿವೆಯಲ್ಲಿ ಗಂಟು ಕಟ್ಟಿ ಕೊಡುತ್ತಿದ್ದರು. ಊರಲ್ಲಿ ಆ ಗಂಟು ಬುಟ್ಟಿಯಲ್ಲಿ ತಿಂಗಳುಗಟ್ಟಲೆ ಕೂತರೂ ಮುರಿದರೆ ‘ಚಟ್’ ಎನ್ನುತ್ತದೆ. ಮುಂಬೈಯ ಮೊದಲ ಜುಲೈಯಲ್ಲಿ ಮರುದಿನವೇ ರೊಟ್ಟಿ ಬಾಗಿತು, ಮೂರನೇ ದಿನ ಚರ್ಮದಂತೆ ಜಗ್ಗಿತು, ಒಂಬತ್ತನೇ ದಿನ ಅಂಚಿಗೆ ಹಸಿರು ಬೂಷ್ಟು ಬಂತು. ಕಪಾಟಿನಲ್ಲಿದ್ದ ಇಳಕಲ್ ಸೀರೆಯ ಸೆರಗಿನ ಮೇಲೂ ಬಿಳಿಯ ಚುಕ್ಕೆ ಎದ್ದಿತ್ತು. ದಮ್ಮು, ಕೀಲುನೋವು ಇರುವವರು, ಮನೆಯಲ್ಲಿ ಸಣ್ಣ ಮಕ್ಕಳಿಗೆ ಪದೇ ಪದೇ ಕೆಮ್ಮು ಬರುವವರು ಈ ಹವೆಯನ್ನು ಬಾಡಿಗೆಗಿಂತ ಮೇಲಿನ ಸಾಲಿನಲ್ಲಿ ಬರೆದುಕೊಳ್ಳಬೇಕು. ಇದಕ್ಕೆ ಎದುರಾಗಿ, ದೊಡ್ಡ ಕಾಯಿಲೆ ಬಂದಾಗ ಟಾಟಾ ಮೆಮೋರಿಯಲ್‌ನಂಥ ಕ್ಯಾನ್ಸರ್ ಆಸ್ಪತ್ರೆ ಅದೇ ಊರಿನಲ್ಲಿರುವುದು ಸಣ್ಣ ಅನುಕೂಲವಲ್ಲ. ನಮ್ಮವರು ಆ ಬಾಗಿಲಿಗೆ ರಾತ್ರಿಯೆಲ್ಲ ಗಾಡಿಯಲ್ಲಿ ಕುಳಿತು ಹೋಗುತ್ತಾರೆ. ಹುಬ್ಬಳ್ಳಿಯ ದೂಳಿಗೂ ಹವೆಯ ಲೆಕ್ಕದಲ್ಲಿ ಒಂದು ಸಾಲು ಕೊಡಬೇಕೆಂದು ಚೆನ್ನಮ್ಮ ವೃತ್ತದ ಮೇಲ್ಸೇತುವೆ ಕಾಮಗಾರಿಯ ಬದಿಗೆ ದಿನವೂ ಓಡಾಡುವವರು ಹೇಳಿಯಾರು, ಒಪ್ಪುತ್ತೇನೆ.

ಮಕ್ಕಳ ಶಾಲೆ, ಗಾಡಿ, ತೆರಿಗೆ

ಮಹಾರಾಷ್ಟ್ರದ ಶಾಲೆಗಳಲ್ಲಿ 2020ರ ಕಾಯ್ದೆಯಂತೆ ಮರಾಠಿ ಕಡ್ಡಾಯ. ಸಣ್ಣ ಮಕ್ಕಳು ಆರು ತಿಂಗಳಲ್ಲಿ ಕಲಿಯುತ್ತಾರೆ. ಏಳನೇ ಎಂಟನೇ ತರಗತಿಯಲ್ಲಿ ಹೋದವರಿಗೆ ಕಷ್ಟ. ಅದಕ್ಕಿಂತ ಮುಖ್ಯವಾದದ್ದು ಮುಂದಿನ ಕಾಲೇಜು ಸೀಟು. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಅರ್ಹರಾಗುವ ಸಾಮಾನ್ಯ ದಾರಿಯೆಂದರೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಏಳು ವರ್ಷ ರಾಜ್ಯದಲ್ಲಿ ಓದಿರುವುದು. ಬೇರೆ ಕಲಮುಗಳೂ ಇವೆ, ಆದರೆ ಅವುಗಳಿಗೆ ಕಾಗದ ಹೊಂದಿಸುವುದೇ ಒಂದು ಕೆಲಸ. ಮಹಾರಾಷ್ಟ್ರದ ವಾಸದ ದಾಖಲೆಗೆ ಸಾಮಾನ್ಯವಾಗಿ 15 ವರ್ಷ ಕೇಳುತ್ತಾರೆ. ನಡುವೆ ಹೋಗಿ ನಡುವೆ ಬಂದ ಮಗು ಎರಡೂ ಕಡೆ ಹೊರಗಿನದಾಗಬಾರದೆಂದರೆ ವರ್ಷಗಳನ್ನು ಮೊದಲೇ ಎಣಿಸಿ ಹೊರಡಬೇಕು. ಮನೆಯೊಳಗಿನ ಕನ್ನಡಕ್ಕೆ ಅಲ್ಲಿ ಆಸರೆ ಕಡಿಮೆಯಿಲ್ಲ; ಮಾಟುಂಗದಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇದೆ, ಮುಂಬೈ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ಡೊಂಬಿವಲಿಯಲ್ಲಿ ಕನ್ನಡಿಗರು ಸಾಕಷ್ಟಿದ್ದಾರೆ.

ಕೆಎ 25 ಅಥವಾ 63ರ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಅಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು, ಅಲ್ಲಿಯ ತೆರಿಗೆ ಕಟ್ಟಿ ಹೊಸ ನಂಬರು ಪಡೆಯಬೇಕು. ಹಳೆಯ ಸ್ಕೂಟರಾದರೆ ಊರಲ್ಲೇ ಬಿಟ್ಟುಹೋಗುವುದು ಜಾಣತನ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಮನೆಬಾಡಿಗೆ ಭತ್ಯೆಯ ವಿನಾಯಿತಿಗೆ ಮುಂಬೈಯಲ್ಲಿ ಮೂಲ ವೇತನದ 50 ಶೇಕಡಾ, ಹುಬ್ಬಳ್ಳಿಯಲ್ಲಿ 40 ಶೇಕಡಾ ಮಿತಿ ಇದೆ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲ.

ಮಂಗಳೂರು, ಪಣಜಿ

ಕರಾವಳಿಯೇ ಬೇಕು, ಮುಂಬೈ ಬೇಡ ಎನ್ನುವವರಿಗೆ ಮಂಗಳೂರು ಹೆಚ್ಚು ಹಿತವಾದೀತು. ರಾಜ್ಯ ಬದಲಾಗುವುದಿಲ್ಲ, ಮೇಲೆ ಹೇಳಿದ ಶಾಲೆ, ಗಾಡಿ, ಗೃಹಜ್ಯೋತಿಯ ತೊಡಕುಗಳು ಒಂದೂ ಬರುವುದಿಲ್ಲ, ಬಾಡಿಗೆ ನಮ್ಮ ಕೈಗೆ ಎಟಕುವಂತಿದೆ. ವೈದ್ಯಕೀಯ, ಬ್ಯಾಂಕು, ಶಿಕ್ಷಣ, ಪಣಂಬೂರು ಬಂದರಿನ ಸುತ್ತಲ ಉದ್ಯೋಗಗಳಿವೆ. ಓಣಿಯ ಮಾತು ತುಳು, ಕೊಂಕಣಿ, ಬ್ಯಾರಿ. ಕನ್ನಡ ಎಲ್ಲರಿಗೂ ಬರುತ್ತದೆ, ಆದರೆ ನಮ್ಮ ‘ಹೌದ್ರಿ’ ಕೇಳಿ ಅಂಗಡಿಯವರು ಮುಗುಳ್ನಗುತ್ತಾರೆ. ಮಳೆ ಮುಂಬೈಗಿಂತಲೂ ಹೆಚ್ಚು. ತೊಂದರೆ ದಾರಿಯದು: ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ದಶಕಗಳಿಂದ ಕಾಡಿನ ಒಪ್ಪಿಗೆಗೆ ಕಾದು ಕುಳಿತಿದೆ, ಅರಬೈಲು ಘಟ್ಟ ಇಳಿದು ಹೆದ್ದಾರಿ 66 ಸೇರಬೇಕು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಆ ಹೆದ್ದಾರಿಯೇ ಮುಚ್ಚಿತು. ವಿಚಿತ್ರವೆಂದರೆ ಮಳೆಗಾಲದಲ್ಲಿ ಹುಬ್ಬಳ್ಳಿಯವನಿಗೆ ಮಂಗಳೂರಿಗಿಂತ ಮುಂಬೈಯೇ ಹತ್ತಿರ; ಬೆಳಗಾವಿ, ಮೀರಜ್, ಪುಣೆ ಮೇಲಿನ ರಾತ್ರಿ ಗಾಡಿಗಳು ನೇರ ಹೋಗುತ್ತವೆ, ಗದಗಿನವರಿಗೆ ವಿಜಯಪುರ, ಸೊಲ್ಲಾಪುರದ ಮೇಲಿನ ಗಾಡಿ ಇದೆ. ಟಿಕೆಟ್ಟು 60 ದಿನ ಮೊದಲು ತೆರೆಯುತ್ತದೆ. ದೀಪಾವಳಿಗೆ ಆ ದಿನ ಬೆಳಿಗ್ಗೆ ಎಂಟಕ್ಕೆ ಕೂತವರಿಗೆ ಮಾತ್ರ ಸೀಟು, ಉಳಿದವರಿಗೆ ಮೂರುಪಟ್ಟು ದರದ ಸ್ಲೀಪರ್ ಬಸ್ಸು.

ಪಣಜಿ ರಸ್ತೆಯಲ್ಲಿ 200 ಕಿಲೋಮೀಟರಿಗೂ ಕಡಿಮೆ, ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರದ ಮೇಲೆ ರೈಲೂ ಇದೆ. ಆದರೆ ಮನೆ ಮಾಲೀಕರ ಕಣ್ಣು ಪ್ರವಾಸಿಗಳ ಮೇಲಿರುತ್ತದೆ. ವರ್ಷದ ಬಾಡಿಗೆಗೆ ಒಪ್ಪಿದವರೂ ನವೆಂಬರ್ ಬಂದರೆ ಮನಸ್ಸು ಬದಲಿಸುತ್ತಾರೆ. ಪ್ರವಾಸೋದ್ಯಮ ಅಥವಾ ವೆರ್ಣಾದ ಔಷಧ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕವರನ್ನು ಬಿಟ್ಟರೆ ಉಳಿದವರಿಗೆ ನಾನು ಅದನ್ನು ಹೇಳುವುದಿಲ್ಲ. ವಾರಾಂತ್ಯಕ್ಕೆ ಹೋಗಿ ಬರುವ ಊರು ಹುಬ್ಬಳ್ಳಿಗೆ ಇಷ್ಟು ಹತ್ತಿರವಿರುವಾಗ ಅಲ್ಲಿ ಬಾಡಿಗೆ ಕಟ್ಟುವುದೇಕೆ?

ಹೋಗುವುದೆಂದು ಗಟ್ಟಿಯಾದ ಮೇಲೆ

ಮೊದಲ ಕರಾರಿನ ಹನ್ನೊಂದು ತಿಂಗಳನ್ನು ಪರೀಕ್ಷೆಯ ಕಾಲವೆಂದು ಹಿಡಿಯಿರಿ. ಅಷ್ಟರೊಳಗೆ ಹುಬ್ಬಳ್ಳಿಯ ಮನೆಯನ್ನು ಲೀಸಿಗೆ ಹಾಕಬೇಡಿ, ಹೊಲ ಮಾರಬೇಡಿ, ಮುಂಬೈಯಲ್ಲಿ ಮನೆ ಕೊಳ್ಳುವ ಮಾತನ್ನು ಎತ್ತಲೇಬೇಡಿ. ಸಾಧ್ಯವಾದರೆ ಒಬ್ಬರೇ ಮೊದಲು ಹೋಗಿ, ಅದೂ ನವೆಂಬರ್‌ನಲ್ಲಲ್ಲ, ಜೂನ್‌ನಲ್ಲಿ. ನವೆಂಬರಿನ ಮುಂಬೈ ಯಾರನ್ನಾದರೂ ಮರುಳು ಮಾಡುತ್ತದೆ. ಜುಲೈಯಲ್ಲಿ ಬೆಳಗಿನ ಎಂಟೂ ಹತ್ತರ ಗಾಡಿಯನ್ನು ಒದ್ದೆ ಚಪ್ಪಲಿಯಲ್ಲಿ ಒಂದು ತಿಂಗಳು ಹಿಡಿದವನಿಗೆ ಸಂಸಾರವನ್ನು ಕರೆಸಿಕೊಳ್ಳಬೇಕೇ ಬೇಡವೇ ಎಂಬುದು ತಾನೇ ತಿಳಿಯುತ್ತದೆ. ಮನೆ ನೋಡುವಾಗ ಪಶ್ಚಿಮದ ಗೋಡೆಗೆ ಅಂಗೈ ಒತ್ತಿ ನೋಡಿ, ಹೊಸ ಬಣ್ಣವಿದ್ದರೆ ಎರಡು ಸಲ ನೋಡಿ. ರೊಟ್ಟಿಯನ್ನು ಅರಿವೆಯ ಗಂಟಿನಲ್ಲಿ ಒಯ್ಯದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ, ಜೊತೆಗೆ ಊರಿನ ಕಬ್ಬಿಣದ ಹಂಚನ್ನೂ. ಬಾಗಿದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಕಾಯಿಸಿದರೆ ಅರ್ಧ ಗಂಟೆಯವರೆಗಾದರೂ ಮತ್ತೆ ‘ಚಟ್’ ಎನ್ನುತ್ತದೆ.